ಜೋಡಣೆ ತಪ್ಪಿದಾಗ: ರಕ್ತದ ಕ್ಯಾನ್ಸರ್ ಮತ್ತು ಆರ್‌ಎನ್‌ಎ

ಕುಷ್ಟಗಿ ಕಡೆಯ ಮಗ್ಗಗಳಲ್ಲಿ ಇಳಕಲ್ ಸೀರೆ ನೇಯುವುದನ್ನು ನೀವು ನೋಡಿರಬಹುದು. ಮೈಯ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ನೂಲು ಎಷ್ಟೇ ಚೆನ್ನಾಗಿರಲಿ, ಕೊಂಡಿ ತಪ್ಪಿದರೆ ಸೀರೆ ಕೆಟ್ಟಿತು. ನಮ್ಮ ಜೀವಕೋಶಗಳಲ್ಲೂ ಇಂಥದೊಂದು ಜೋಡಣೆ ಸದಾ ನಡೆದಿರುತ್ತದೆ.

1977ರವರೆಗೆ ಜೀನ್ ಎಂದರೆ ನಡುವೆ ತುಂಡಾಗದ ಒಂದೇ ವಾಕ್ಯ ಎಂಬ ನಂಬಿಕೆಯಿತ್ತು. ಆ ವರ್ಷ ಅಮೆರಿಕದಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ಎರಡು ಪ್ರತ್ಯೇಕ ತಂಡಗಳು ಅಡಿನೋವೈರಸ್ಸಿನ ಆರ್‌ಎನ್‌ಎಯನ್ನು ಅದರದೇ ಡಿಎನ್‌ಎ ಜೊತೆ ಕೂಡಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದವು. ಡಿಎನ್‌ಎಯ ಕೆಲವು ಭಾಗಗಳು ಜೊತೆ ಸಿಗದೆ ಕುಣಿಕೆಗಳಾಗಿ ಹೊರಚಾಚಿದ್ದವು! ಅಂದರೆ ಆರ್‌ಎನ್‌ಎಯಲ್ಲಿ ಆ ಭಾಗಗಳನ್ನು ಕತ್ತರಿಸಿ ತೆಗೆದು, ಉಳಿದವನ್ನು ಜೋಡಿಸಲಾಗಿತ್ತು. ಇದೇ ಸ್ಪ್ಲೈಸಿಂಗ್. ತೆಗೆದ ತುಂಡು ಇಂಟ್ರಾನ್, ಉಳಿದದ್ದು ಎಕ್ಸಾನ್. 1993ರ ನೊಬೆಲ್ ಅವರಿಬ್ಬರಿಗೆ ಸಂದಿತು. ಆ ಪ್ರಯೋಗಗಳಲ್ಲಿ ದುಡಿದ ಸೂಸನ್ ಬರ್ಗೆಟ್, ಲೂಯಿಸ್ ಚೌ ಅವರ ಹೆಸರನ್ನೂ ತರಗತಿಯಲ್ಲಿ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಕತ್ತರಿ ಹಿಡಿದವರು ಯಾರು? ಇದನ್ನು ಹುಡುಕಲು ಯೀಸ್ಟ್ ನೆರವಾಯಿತು. ಸಾಧಾರಣ ತಾಪದಲ್ಲಿ ಬೆಳೆದು, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳವಣಿಗೆ ನಿಲ್ಲಿಸುವ ತಳಿಗಳನ್ನು ಹೆಕ್ಕಿ, ಅವುಗಳಲ್ಲಿ ಸ್ಪ್ಲೈಸಿಂಗ್ ಕೆಟ್ಟಿರುವುವನ್ನು ಗುರುತಿಸಬೇಕು. ತಾಪವನ್ನೇ ಸ್ವಿಚ್ಚಾಗಿ ಬಳಸುವ ಈ ಉಪಾಯ ಭೌತವಿಜ್ಞಾನದವನಾದ ನನಗೆ ಬಲು ಇಷ್ಟ. ಕ್ಯಾಲ್ಟೆಕ್‌ನಲ್ಲಿ ಜಾನ್ ಏಬೆಲ್ಸನ್ ಅವರೊಡನೆ ಇಂಥ ತಳಿಗಳನ್ನು 1989ರಲ್ಲಿ ವರದಿ ಮಾಡಿದ ಉಷಾ ವಿಜಯರಾಘವನ್, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಯಂತ್ರದ ಪ್ರೋಟೀನುಗಳ ಅಧ್ಯಯನ ಮುಂದುವರಿಸಿದರು. ಆಗ ಯೀಸ್ಟಿಗೂ ರಕ್ತದ ಕ್ಯಾನ್ಸರಿಗೂ ಯಾರೂ ಗಂಟು ಹಾಕಿರಲಿಲ್ಲ.

ಗಂಟು ಬಿದ್ದದ್ದು 2011ರಲ್ಲಿ. ಮೈಲೊಡಿಸ್‌ಪ್ಲೇಸಿಯ ಎಂಬ ರೋಗದಲ್ಲಿ ಮೂಳೆಮಜ್ಜೆ ಸರಿಯಾದ ರಕ್ತಕಣಗಳನ್ನು ಮಾಡಲಾರದು. ಹಲವರಲ್ಲಿ ಅದು ತೀವ್ರ ಲ್ಯುಕೇಮಿಯಕ್ಕೆ ತಿರುಗುತ್ತದೆ. ಜಪಾನಿನ ಸೀಶಿ ಒಗಾವ ಅವರ ತಂಡ ಇಂಥ 29 ರೋಗಿಗಳ ಜೀನುಗಳನ್ನು ಓದಿದಾಗ, ಮತ್ತೆ ಮತ್ತೆ ಕೆಟ್ಟಿದ್ದು ಜೋಡಿಸುವ ಯಂತ್ರದ ಭಾಗಗಳೇ: ಎಸ್‌ಎಫ್3ಬಿ1, ಎಸ್‌ಆರ್‌ಎಸ್‌ಎಫ್2, ಯು2ಎಎಫ್1. ಅದೇ ವರ್ಷ ದೀರ್ಘಕಾಲಿಕ ಲಿಂಫೊಸೈಟಿಕ್ ಲ್ಯುಕೇಮಿಯದಲ್ಲೂ ಎಸ್‌ಎಫ್3ಬಿ1 ದೋಷ ಕಂಡಿತು.

ಅದರ ಪರಿಣಾಮ ನೋಡಿ. ಆರ್‌ಎನ್‌ಎ ಸಂಕೇತವನ್ನು ಮೂರು ಮೂರು ಅಕ್ಷರಗಳಾಗಿ ಓದಬೇಕು. 'ಕಮಲ ಗಗನ ಸರಳ' ಎಂಬಲ್ಲಿ ಮೊದಲ ಅಕ್ಷರ ಬಿಟ್ಟು ಓದಿ: 'ಮಲಗ ಗನಸ ರಳ'. ದೋಷಯುಕ್ತ ಎಸ್‌ಎಫ್3ಬಿ1 ಇಂಟ್ರಾನಿನ ಅಂಚನ್ನು ಕೆಲವು ಅಕ್ಷರಗಳಷ್ಟು ಮೊದಲೇ ಗುರುತಿಸಿಬಿಡುತ್ತದೆ. ಹಾಗಾಗಿ ಇಂಟ್ರಾನಿನ ಚೂರು ಸಂದೇಶದಲ್ಲಿ ಉಳಿದು ಓದು ಕೆಡುತ್ತದೆ. ಅಂಥ ಅನೇಕ ಸಂದೇಶಗಳನ್ನು ಕೋಶವೇ ನಾಶಮಾಡುತ್ತದೆ. ಎಬಿಸಿಬಿ7 ಎಂಬ ಪ್ರೋಟೀನು ಹೀಗೆ ಕಡಿಮೆಯಾದಾಗ, ಕೆಂಪುಕಣವಾಗಬೇಕಾದ ಕೋಶಗಳ ಮೈಟೊಕಾಂಡ್ರಿಯದಲ್ಲಿ ಕಬ್ಬಿಣ ಸಿಕ್ಕಿಬೀಳುತ್ತದೆ.

ಮೈಲೊಡಿಸ್‌ಪ್ಲೇಸಿಯದಲ್ಲಿ ಎಸ್‌ಎಫ್3ಬಿ1 ದೋಷವಿದ್ದವರ ರೋಗ ಸಾಮಾನ್ಯವಾಗಿ ನಿಧಾನ. ಎಸ್‌ಆರ್‌ಎಸ್‌ಎಫ್2 ದೋಷವಿದ್ದರೆ ಲ್ಯುಕೇಮಿಯದ ಭಯ ಹೆಚ್ಚು. ಆದ್ದರಿಂದ ಯಾವ ಭಾಗ ಕೆಟ್ಟಿದೆ ಎಂದು ವೈದ್ಯರು ಈಗ ಪರೀಕ್ಷಿಸಿ ನೋಡುತ್ತಾರೆ. ಜೋಡಣೆಯ ಯಂತ್ರಕ್ಕೇ ಗುರಿಯಿಟ್ಟ ಎಚ್3ಬಿ-8800 ಎಂಬ ಔಷಧ ಮಾನವರ ಮೇಲಿನ ಮೊದಲ ಪರೀಕ್ಷೆಯಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ಕಬ್ಬಿಣದ ಉಂಗುರಗಳಿರುವ ಮಜ್ಜೆರೋಗಕ್ಕೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಪಡೆದ ಲಸ್ಪಾಟರ್‌ಸೆಪ್ಟ್ ಹಲವರಿಗೆ ರಕ್ತ ಕೊಡಿಸುವ ಅಗತ್ಯವನ್ನು ಕಡಿಮೆ ಮಾಡುತ್ತದೆ. ತಪ್ಪಿದ ಜೋಡಣೆಯನ್ನು ಅದು ಸರಿಪಡಿಸುವುದಿಲ್ಲ.