ಹೂಗೆನ್‌ಬರ್ಗ್, ಆಲ್ಫ್ರೆಡ್

1865-1951. ಜರ್ಮನಿಯ ಉದ್ಯಮಿ, ಪತ್ರಿಕಾ ಸಮೂಹದ ಒಡೆಯ, ಜರ್ಮನ್ ರಾಷ್ಟ್ರೀಯ ಜನತಾ ಪಕ್ಷದ ನಾಯಕ. 1865ರ ಜೂನ್ 19ರಂದು ಹ್ಯಾನೋವರ್‌ನಲ್ಲಿ ಹುಟ್ಟಿದ. ನ್ಯಾಯಶಾಸ್ತ್ರ ಓದಿದ ಈತ 1891ರಲ್ಲಿ ಅಖಿಲ ಜರ್ಮನ್ ಸಂಘದ ಸ್ಥಾಪನೆಯಲ್ಲಿ ಪಾಲ್ಗೊಂಡ. 1909ರಿಂದ 1918ರವರೆಗೆ ಕ್ರುಪ್ ಉಕ್ಕು ಮತ್ತು ಶಸ್ತ್ರಾಸ್ತ್ರ ಸಂಸ್ಥೆಯ ಆಡಳಿತ ಮಂಡಳಿಯ ಅಧ್ಯಕ್ಷನಾಗಿದ್ದ.

ಮೊದಲ ಮಹಾಯುದ್ಧದ ಕಾಲದಲ್ಲೇ ಷೆರ್ಲ್ ಪ್ರಕಾಶನ ಸಂಸ್ಥೆಯನ್ನು ವಶಪಡಿಸಿಕೊಂಡ ಈತ, 1927ರಲ್ಲಿ ಊಫಾ ಚಲನಚಿತ್ರ ಕಂಪನಿಯನ್ನೂ ಕೈಗೆ ತೆಗೆದುಕೊಂಡ. ಪ್ರಾಂತೀಯ ಪತ್ರಿಕೆಗಳಿಗೆ ಸುದ್ದಿ, ಜಾಹೀರಾತು, ಸಾಲ ಒದಗಿಸುವ ಜಾಲದ ಮೂಲಕ ಗಣರಾಜ್ಯವಿರೋಧಿ ಪ್ರಚಾರವನ್ನು ಸಣ್ಣ ಊರುಗಳಿಗೂ ಮುಟ್ಟಿಸಿದ.

1928ರ ಅಕ್ಟೋಬರ್‌ನಲ್ಲಿ ಪಕ್ಷದ ಅಧ್ಯಕ್ಷನಾದ. ಈತನ ಹಟಮಾರಿ ನಿಲುವಿಗೆ ಬೇಸತ್ತು ಮಿತವಾದಿಗಳು ಪಕ್ಷ ತೊರೆದರು, 1928ರಲ್ಲಿ ಶೇ. 14ರಷ್ಟಿದ್ದ ಮತಪ್ರಮಾಣ 1930ರಲ್ಲಿ ಶೇ. 7ಕ್ಕೆ ಕುಸಿಯಿತು. ಯುದ್ಧ ಪರಿಹಾರಧನ ಕುರಿತ ಯಂಗ್ ಯೋಜನೆಯ ವಿರುದ್ಧ 1929ರಲ್ಲಿ ಹಿಟ್ಲರನೊಂದಿಗೆ ಕೈಜೋಡಿಸಿದ್ದರಿಂದ ನಾಜಿಗಳಿಗೆ ದೇಶವ್ಯಾಪಿ ಪ್ರಚಾರವೂ ಸಂಪ್ರದಾಯವಾದಿ ವಲಯದ ಮನ್ನಣೆಯೂ ದೊರೆತವು. 1931ರಲ್ಲಿ ಹಾರ್ಟ್ಸ್‌ಬುರ್ಗ್‌ನಲ್ಲಿ ಬಲಪಂಥೀಯರ ಜಂಟಿ ರಂಗ ಸೇರಿತು.

1933ರ ಜನವರಿ 30ರಂದು ಹಿಟ್ಲರನ ಸಂಪುಟದಲ್ಲಿ ಅರ್ಥವ್ಯವಹಾರ ಮತ್ತು ಕೃಷಿ ಸಚಿವನಾದ. ಹಿಟ್ಲರನನ್ನು ಹತೋಟಿಯಲ್ಲಿಡಬಹುದೆಂಬ ಸಂಪ್ರದಾಯವಾದಿಗಳ ಲೆಕ್ಕಾಚಾರ ಐದೇ ತಿಂಗಳಲ್ಲಿ ಸುಳ್ಳಾಯಿತು. ಜೂನ್ ಕೊನೆಯಲ್ಲಿ ಈತ ರಾಜೀನಾಮೆ ಕೊಟ್ಟ, ಪಕ್ಷವೂ ವಿಸರ್ಜನೆಗೊಂಡಿತು. ಆದರೂ 1945ರವರೆಗೆ ರೈಖ್‌ಸ್ಟಾಗ್ ಸದಸ್ಯನಾಗಿ ಉಳಿದ. ಯುದ್ಧಾನಂತರ ಬ್ರಿಟಿಷರ ಬಂಧನದಲ್ಲಿದ್ದು, 1951ರ ಮಾರ್ಚ್ 12ರಂದು ನಿಧನನಾದ. ವೈಮಾರ್ ಗಣರಾಜ್ಯದ ಬೇರು ಸಡಿಲಿಸಿ ಸರ್ವಾಧಿಕಾರಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಈತನ ಹೊಣೆ ದೊಡ್ಡದು.