ಇಂಧನ ಟ್ಯಾಂಕಿನ ಅಳತೆ ಕಡ್ಡಿ: ಇತಿಹಾಸ

ಟ್ಯಾಂಕಿನ ಬಾಯಿಯಿಂದ ತಳಕ್ಕೆ ಮುಟ್ಟುವಂತೆ ನೆಟ್ಟಗೆ ಇಳಿಸಿ, ತೊಯ್ದ ಗುರುತನ್ನು ನೋಡಿ ಇಂಧನದ ಪ್ರಮಾಣ ತಿಳಿಯಲು ಬಳಸುವ ಕೋಲು. ಡಿಪ್ ಸ್ಟಿಕ್, ಡಿಪ್ ರಾಡ್ ಎಂಬ ಹೆಸರುಗಳೂ ರೂಢಿಯಲ್ಲಿವೆ. ಕಾರಿಗೆ ಮುಳ್ಳಿನ ಮಾಪಕ ಬಂದೊಡನೆ ಕಡ್ಡಿಯ ಕಾಲ ಮುಗಿಯಿತು ಎಂಬ ಗ್ರಹಿಕೆ ವ್ಯಾಪಕವಾಗಿದೆ. ಆದರೆ ಮಾಪಕ ಸಾಮಾನ್ಯವಾದ ಮೇಲೂ 1949ರಿಂದ ಮಾರಾಟವಾದ ಫ್ರಾನ್ಸಿನ ಸಿತ್ರೊಯೆನ್ 2 ಸಿವಿಯ ಆರಂಭದ ಕಾರುಗಳಲ್ಲಿ ಮತ್ತು ಪೂರ್ವ ಜರ್ಮನಿಯ ಟ್ರಬಾಂಟ್‌ನಲ್ಲಿ ಕಡ್ಡಿಯೇ ಇತ್ತು. ಕಡ್ಡಿ ಅಳೆಯುವುದು ಆಳವನ್ನು, ಬೇಕಾದದ್ದು ಗಾತ್ರ. ಆದ್ದರಿಂದ ಇದರ ಚರಿತ್ರೆಯ ನಿಜವಾದ ತಿರುವು ಮುಳ್ಳಿನ ಮಾಪಕವಲ್ಲ, ಆಳವನ್ನು ಗಾತ್ರಕ್ಕೆ ತಿರುಗಿಸುವ ಕೋಷ್ಟಕ.

1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಇದಕ್ಕೆ ಉತ್ತಮ ಸಾಕ್ಷಿ. ಇದರಲ್ಲಿ ಇಂಧನ ಪಂಪ್ ಇರಲಿಲ್ಲ. ಬಹುತೇಕ ಮಾದರಿಗಳಲ್ಲಿ ಮುಂದಿನ ಸೀಟಿನಡಿಯ ಟ್ಯಾಂಕಿನಿಂದ ಪೆಟ್ರೋಲು ತನ್ನ ಭಾರದಿಂದಲೇ ಕಾರ್ಬ್ಯುರೇಟರಿಗೆ ಇಳಿಯುತ್ತಿತ್ತು. ಮಟ್ಟ ತಗ್ಗಿದಾಗ ಕಡಿದಾದ ಏರಿನಲ್ಲಿ ಹರಿವು ನಿಲ್ಲುತ್ತಿದ್ದುದರಿಂದ ಹೊರಡುವ ಮೊದಲೇ ಅಳೆಯುವುದು ಅನಿವಾರ್ಯವಾಗಿತ್ತು. ಟ್ಯಾಂಕುಗಳು ದುಂಡು, ಚೌಕ, ಅಂಡಾಕಾರಗಳಲ್ಲಿ ಬಂದವು, ಕಡ್ಡಿಯ ಗುರುತುಗಳೂ ಅದಕ್ಕೆ ತಕ್ಕಂತೆ ಬೇರೆಯಾದವು. ಅಡ್ಡ ಮಲಗಿಸಿದ ಸಿಲಿಂಡರಿನಲ್ಲಿ ಅರ್ಧ ಎತ್ತರಕ್ಕೆ ಅರ್ಧ ಇಂಧನವಿದ್ದರೂ ಕಾಲು ಎತ್ತರಕ್ಕೆ ಇರುವುದು ಶೇ. 20ಕ್ಕಿಂತ ಕಡಿಮೆ, ಹತ್ತನೇ ಒಂದು ಎತ್ತರಕ್ಕೆ ಸುಮಾರು ಶೇ. 5 ಮಾತ್ರ. ಸಮ ಅಂತರದ ಗೆರೆಗಳನ್ನು ನಂಬಿದ ಚಾಲಕನಿಗೆ ಕೊರತೆಯ ಹೊತ್ತಿನಲ್ಲೇ ಹೆಚ್ಚು ಮೋಸವಾಗುತ್ತಿತ್ತು.

ಎರಡನೆಯ ಗೊಂದಲ ಗ್ಯಾಲನ್ನಿನದು. ಮಾಡೆಲ್ ಟಿಯ 10 ಗ್ಯಾಲನ್ ಅಮೆರಿಕದ ಅಳತೆ, ಅಂದರೆ ಸುಮಾರು 38 ಲೀಟರ್. ಬ್ರಿಟಿಷ್ ಗ್ಯಾಲನ್ ಎಂದು ಓದಿದರೆ ಅದು 45 ಲೀಟರ್ ಆಗುತ್ತದೆ. ಭಾರತದಲ್ಲಿ ಬಳಕೆಯಲ್ಲಿದ್ದದ್ದು ಬ್ರಿಟಿಷ್ ಗ್ಯಾಲನ್. 1926ರಲ್ಲಿ ಮುಂಬಯಿಯಲ್ಲಿ ಶುರುವಾದ ಫೋರ್ಡ್ ಸಂಸ್ಥೆಯ ಒಡೆತನವೂ ಅದೇ ಗ್ಯಾಲನ್ ಬಳಸುತ್ತಿದ್ದ ಕೆನಡಾದ ಫೋರ್ಡ್ ಕಂಪನಿಯದು. ಹೀಗಾಗಿ ಯಾವ ಗ್ಯಾಲನ್ ಎಂದು ನಮೂದಿಸದ ಹಳೆಯ ಕಡ್ಡಿಯ ಓದಿನಲ್ಲಿ ಐದನೇ ಒಂದರಷ್ಟು ವ್ಯತ್ಯಾಸ ಬರಬಹುದು. ಮುಂದೆ 1956ರ ತೂಕ ಮತ್ತು ಅಳತೆ ಮಾನಕಗಳ ಕಾಯಿದೆ ಗ್ಯಾಲನ್ನಿನ ಜಾಗಕ್ಕೆ ಲೀಟರನ್ನು ತಂದಿತು.

ಇಳಿಜಾರಿನಲ್ಲಿ ಕಡ್ಡಿ ತಪ್ಪು ತೋರಿಸುತ್ತದೆ, ಆದ್ದರಿಂದ ಮಾಪಕವೇ ಮೇಲು ಎಂಬ ಆಕ್ಷೇಪವಿದೆ. ಅದರಲ್ಲಿ ಅರ್ಧ ಸತ್ಯವಿದೆ. ಮಾಪಕದ ತೇಲು ಬುರುಡೆಯೂ ಒಂದು ಜಾಗದ ಎತ್ತರವನ್ನೇ ಹಿಡಿಯುವುದರಿಂದ ವಾಹನ ವಾಲಿದರೆ ಅದೂ ತಪ್ಪುತ್ತದೆ. ಸೀಟಿನಿಂದ ಏಳದೆ, ಓಡುವಾಗಲೇ ನೋಡಬಹುದೆಂಬುದು ಮಾಪಕದ ನಿಜವಾದ ಗೆಲುವು. ಅದು ಅನುಕೂಲದ ಗೆಲುವು, ನಿಖರತೆಯದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಬೈಕುಗಳು ಮಾಪಕವಿಲ್ಲದೆ, ರಿಸರ್ವ್ ನಲ್ಲಿಯ ಭರವಸೆಯಲ್ಲಿ ದಶಕಗಳ ಕಾಲ ಓಡಿದವು.

ನಿಖರತೆ ಬೇಕಾದ ಕಡೆ ಕಡ್ಡಿ ಇಂದಿಗೂ ಉಳಿದಿದೆ. ಪೆಟ್ರೋಲ್ ಪಂಪ್‌ಗಳಲ್ಲಿ ನೆಲದಡಿಯ ಟ್ಯಾಂಕಿಗೆ ರಾಡ್ ಇಳಿಸಿ ಡಿಪ್ ನೋಡುತ್ತಾರೆ, ಡಿಪ್ ಚಾರ್ಟ್‌ನಲ್ಲಿ ಆ ಆಳದ ಎದುರಿಗಿರುವ ಲೀಟರನ್ನು ಬರೆದುಕೊಳ್ಳುತ್ತಾರೆ, ತುದಿಗೆ ಪೇಸ್ಟ್ ಹಚ್ಚಿ ತಳದಲ್ಲಿ ನೀರಿದೆಯೇ ಎಂದು ಪರೀಕ್ಷಿಸುತ್ತಾರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ. 20 ಎಥೆನಾಲ್ ಮಿಶ್ರಿತ ಪೆಟ್ರೋಲು ಈ ಪರೀಕ್ಷೆಯ ತೂಕವನ್ನು ಹೆಚ್ಚಿಸಿದೆ: ನೀರು ಮಿತಿ ಮೀರಿ ಸೇರಿದರೆ ಎಥೆನಾಲ್ ಅದರೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಸ್ವಯಂಚಾಲಿತ ಮಾಪಕಗಳು ಬಂದಮೇಲೆ ಕಡ್ಡಿ ಯಾಕೆ ಎಂಬ ಪ್ರಶ್ನೆಗೆ ಉತ್ತರ ಅವುಗಳ ರಚನೆಯಲ್ಲೇ ಇದೆ. ಅವೂ ಆಳವನ್ನೇ ಅಳೆದು ಕೋಷ್ಟಕದ ಮೂಲಕ ಲೀಟರಿಗೆ ತಿರುಗಿಸುತ್ತವೆ, ಅವುಗಳ ಓದನ್ನು ತಾಳೆ ನೋಡುವುದು ಕೈಯಿಂದ ತೆಗೆದ ಡಿಪ್‌ನೊಂದಿಗೆ. ಆದ್ದರಿಂದ ಹಳೆಯ ಕಾರುಗಳ ಸಂಗ್ರಹದಲ್ಲಿ ಕಡ್ಡಿಯ ಜತೆಗೆ ಟ್ಯಾಂಕಿನ ಆಕಾರವನ್ನೂ ಅಳತೆಯ ಮಾನವನ್ನೂ ದಾಖಲಿಸಬೇಕು. ಅವೆರಡಿಲ್ಲದ ಕಡ್ಡಿಯಿಂದ ಆಳವಷ್ಟೇ ತಿಳಿಯುತ್ತದೆ, ಇಂಧನ ಎಷ್ಟೆಂದು ತಿಳಿಯುವುದಿಲ್ಲ.