ಹಸಿರು ಕಲ್ಲಿಗೆ ಅಂಟಿದ ರಕ್ತ

ಕಡುಹಸಿರು ಮೈಯ ಮೇಲೆ ಅಲ್ಲಲ್ಲಿ ಓಕುಳಿ ಸಿಡಿದಂತೆ ಕೆಂಪು ಚುಕ್ಕೆಗಳಿರುವ ಒಂದು ಕಲ್ಲಿದೆ. ಇಂಗ್ಲಿಷಿನಲ್ಲಿ ಅದು ಬ್ಲಡ್‌ಸ್ಟೋನ್. ಕನ್ನಡದಲ್ಲಿ ರಕ್ತಶಿಲೆ ಅಂದರೆ ಸಾಕು. ನವರತ್ನಗಳ ಸಾಲಿನಲ್ಲಿ ಇದಕ್ಕೆ ಜಾಗವಿಲ್ಲ, ಬೆಲೆಯೂ ಅಷ್ಟಕ್ಕಷ್ಟೆ. ಆದರೆ ಯುರೋಪಿನಲ್ಲಿ ಇದರ ಸುತ್ತ ಬೆಳೆದ ಕತೆ ದೊಡ್ಡದು. ಶಿಲುಬೆಯ ಬುಡದಲ್ಲಿ ಹಸಿರು ಜ್ಯಾಸ್ಪರ್ ಕಲ್ಲೊಂದಿತ್ತಂತೆ. ಯೇಸುವಿನ ಗಾಯದಿಂದ ತೊಟ್ಟಿಕ್ಕಿದ ರಕ್ತ ಅದರೊಳಗೆ ಇಂಗಿ ಹಾಗೆಯೇ ಉಳಿಯಿತಂತೆ. ಈ ಕಲ್ಲನ್ನು ಹಿಡಿದವರ ಮೈಯಿಂದ ಸೋರುವ ರಕ್ತ ನಿಲ್ಲುತ್ತದೆ ಎಂಬ ನಂಬಿಕೆಯೂ ಇದರ ಜೊತೆಗೇ ಬರುತ್ತದೆ. ರತ್ನಗಳ ಬಗ್ಗೆ ಬರೆಯುವವರು ಇದನ್ನೆಲ್ಲ ಕಲ್ಲಿನಷ್ಟೇ ಹಳೆಯದು ಎಂಬ ಧಾಟಿಯಲ್ಲಿ ಹೇಳಿಬಿಡುತ್ತಾರೆ: ಕೆಂಪು ಕಂಡಿತು, ರಕ್ತ ನೆನಪಾಯಿತು, ಕತೆ ಹುಟ್ಟಿತು. ಆದರೆ ಬರಹದ ಸಾಕ್ಷ್ಯಗಳನ್ನು ಕಾಲದ ಸಾಲಿನಲ್ಲಿ ಜೋಡಿಸಿದರೆ ಬೇರೆಯದೇ ಚಿತ್ರ ಮೂಡುತ್ತದೆ. ರಕ್ತ ನಿಲ್ಲಿಸುವ ಮಹಿಮೆ ಈ ಕಲ್ಲಿನ ಹುಟ್ಟುಗುಣವಲ್ಲ, ಇನ್ನೊಂದು ಕಲ್ಲಿನಿಂದ ಕಡ ಬಂದದ್ದು ಎಂಬುದು ನನ್ನ ವಾದ.

ಮೊದಲ ಸಾಕ್ಷಿ ರೋಮಿನ ಪ್ಲಿನಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ಈ ಪಂಡಿತ ತನ್ನ ನಿಸರ್ಗ ಚರಿತ್ರೆಯ 37ನೇ ಸಂಪುಟದಲ್ಲಿ ಈ ಕಲ್ಲನ್ನು ಹೀಲಿಯೋಟ್ರೋಪ್ ಎಂದು ಕರೆಯುತ್ತಾನೆ. ಸೂರ್ಯನತ್ತ ತಿರುಗುವುದು, ಸೂರ್ಯನನ್ನು ತಿರುಗಿಸುವುದು ಎಂಬ ಭಾವದ ಗ್ರೀಕ್ ಹೆಸರದು. ಈರುಳ್ಳಿ ಜಾತಿಯ ಲೀಕ್ ಸೊಪ್ಪಿನಂಥ ಹಸಿರು, ನಡುವೆ ರಕ್ತದ ಬಣ್ಣದ ಗೆರೆಗಳು ಎಂದು ಅವನು ವರ್ಣಿಸುತ್ತಾನೆ. ಅಂದರೆ ಕೆಂಪು ಅವನ ಕಣ್ಣಿಗೆ ಬಿದ್ದಿದೆ, ರಕ್ತದ ಹೋಲಿಕೆಯೂ ಹೊಳೆದಿದೆ. ಆದರೂ ಗಾಯ, ರಕ್ತಸ್ರಾವ, ಚಿಕಿತ್ಸೆಗಳ ಸುದ್ದಿಯೇ ಇಲ್ಲ. ನೀರಿನ ಪಾತ್ರೆಯಲ್ಲಿಟ್ಟರೆ ಬಿಸಿಲು ಕೆಂಪಾಗಿ ಪ್ರತಿಫಲಿಸುತ್ತದೆ, ಹೊರಗಿಟ್ಟರೆ ಕನ್ನಡಿಯಂತೆ ಗ್ರಹಣ ತೋರಿಸುತ್ತದೆ, ಇಷ್ಟೇ ಅವನ ಮಾತು. ಅದೇ ಹೆಸರಿನ ಗಿಡದ ಜೊತೆ ಧರಿಸಿ ಮಂತ್ರ ಹೇಳಿದರೆ ಮನುಷ್ಯ ಮಾಯವಾಗುತ್ತಾನೆ ಎಂಬ ಮಾಂತ್ರಿಕರ ಮಾತನ್ನು ಮಾತ್ರ ಎತ್ತಿಕೊಂಡು, ನಾಚಿಕೆಗೇಡು ಎಂದು ಬೈಯುತ್ತಾನೆ. ಈಜಿಪ್ಟಿನಲ್ಲಿ ಸಿಕ್ಕು ಈಗ ಲೈಡನ್ ನಗರದಲ್ಲಿರುವ ಗ್ರೀಕ್ ಮಂತ್ರಪುಸ್ತಕವೂ ಈ ಕಲ್ಲಿನ ಮೇಲೆ ಸೂರ್ಯನನ್ನೇ ಕೆತ್ತಲು ಹೇಳುತ್ತದೆ: ಬಾಲವನ್ನು ಬಾಯಲ್ಲಿ ಕಚ್ಚಿದ ಹಾವು, ಒಳಗೆ ಕಿರಣಗಳ ನಡುವೆ ಪವಿತ್ರ ಜೀರುಂಡೆ. ಗೆಲುವು, ಜನಪ್ರೀತಿ ಬೇಕೆನ್ನುವವರಿಗಾಗಿ ಮಾಡುವ ಉಂಗುರ ಅದು. ಮೂಗಿನಲ್ಲಿ ರಕ್ತ ಸುರಿಯುವವರಿಗಲ್ಲ.

ಹಾಗಾದರೆ ಆ ಕಾಲದವರು ರಕ್ತ ನಿಲ್ಲಿಸಲು ಯಾವ ಕಲ್ಲನ್ನು ಹುಡುಕುತ್ತಿದ್ದರು? ಗ್ರೀಕರ ಹೈಮಟೈಟಿಸ್, ಅಂದರೆ ಹೆಮಟೈಟ್. ಆ ಹೆಸರಿನಲ್ಲೇ ರಕ್ತವಿದೆ. ಕನ್ನಡಿಗರಿಗೆ ಇದರ ಪರಿಚಯ ಬೇಕಿಲ್ಲ. ಸಂಡೂರು, ಹೊಸಪೇಟೆಯ ಗಣಿಗಳಿಂದ ಲಾರಿಗಟ್ಟಲೆ ಹೊರಟ ಕಬ್ಬಿಣದ ಅದಿರು ಇದೇ. ಹೊರಗೆ ಕಪ್ಪಾಗಿಯೋ ಬೂದುಬಣ್ಣವಾಗಿಯೋ ಕಂಡರೂ ನೀರು ಹಾಕಿ ತೇಯ್ದರೆ ರಕ್ತದಂಥ ಕೆಂಪು ಇಳಿಯುತ್ತದೆ. ಪ್ಲಿನಿಯ ಸಮಕಾಲೀನನಾದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್, ರಕ್ತ ಕಾರುವವರಿಗೆ ಇದನ್ನು ದಾಳಿಂಬೆ ರಸದಲ್ಲಿ, ಹೆಂಗಸರ ಅತಿಸ್ರಾವಕ್ಕೆ ವೈನಿನಲ್ಲಿ ಕುಡಿಸಲು ಬರೆದಿದ್ದಾನೆ. ಅದೇ ಯುಗದ ಈಜಿಪ್ಟಿನಲ್ಲಿ ಗರ್ಭಕೋಶದ ಕಾಯಿಲೆಗೆ ಕಟ್ಟುತ್ತಿದ್ದ ತಾಯಿತಗಳಲ್ಲಿ ಹೆಚ್ಚಿನವು ಹೆಮಟೈಟಿನವೇ. ಹೀಗೆ 1ನೇ ಶತಮಾನದಲ್ಲಿ ಎರಡು ಕಲ್ಲುಗಳ ಕೆಲಸ ಬೇರೆಬೇರೆ: ಹಸಿರು ಕಲ್ಲು ಸೂರ್ಯನ ಕಡೆ, ಅದಿರು ರಕ್ತದ ಕಡೆ. ಸಾವಿರ ವರ್ಷ ದಾಟಿ 11ನೇ ಶತಮಾನಕ್ಕೆ ಬಂದರೆ, ಫ್ರಾನ್ಸಿನ ರೆನ್ ನಗರದ ಬಿಷಪ್ ಆಗಲಿದ್ದ ಮಾರ್ಬೋಡ್ ಬರೆದ ರತ್ನಕಾವ್ಯದಲ್ಲಿ ಹೀಲಿಯೋಟ್ರೋಪಿಗೆ ಹಳೆಯ ಸೂರ್ಯನ ಆಟವೂ ಇದೆ, ಮಾಯವಾಗುವ ಮಂತ್ರವೂ ಇದೆ, ಜೊತೆಗೆ ರಕ್ತ ಕಟ್ಟುವ ಹೊಸ ಶಕ್ತಿಯೂ ಬಂದು ಕೂತಿದೆ. ನಡುವಿನ ಶತಮಾನಗಳಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಇಳಿಸಿಕೊಂಡವರ ಕೈಯಲ್ಲಿ ಒಂದರ ಗುಣ ಇನ್ನೊಂದಕ್ಕೆ ಹರಿದಿದೆ. ಇಂಗ್ಲಿಷಿನಲ್ಲಿ ಬ್ಲಡ್‌ಸ್ಟೋನ್ ಎಂಬ ಒಂದೇ ಪದ ಬಹುಕಾಲ ಎರಡೂ ಕಲ್ಲುಗಳಿಗೆ ನಡೆದದ್ದು ಈ ಗೊಂದಲದ ಉಳಿಕೆ.

ಶಿಲುಬೆಯ ಕತೆ ಈ ಹೊಸ ಗುಣದ ಮೇಲೆ ಎದ್ದ ಕಟ್ಟಡ. ಅದಕ್ಕೆ ಕಣ್ಣಿಗೆ ಕಾಣುವ ರೂಪ ಕೊಟ್ಟವರು ಕಲ್ಲು ಕೊರೆಯುವ ಕುಶಲಿಗರು. ವೆರೋನಾದ ಮತ್ತೇಯೊ ದಲ್ ನಸ್ಸಾರೊ ಕೆಂಪು ಹನಿಗಳಿದ್ದ ಹಸಿರು ಜ್ಯಾಸ್ಪರ್ ತುಂಡೊಂದನ್ನು ಕೊಂಡು, ಶಿಲುಬೆಯಿಂದ ಯೇಸುವನ್ನು ಇಳಿಸುವ ದೃಶ್ಯವನ್ನು ಅದರಲ್ಲಿ ಕೆತ್ತಿದ. ಚುಕ್ಕೆ ಇದ್ದಲ್ಲೇ ಗಾಯ ಬರುವಂತೆ ಲೆಕ್ಕ ಹಾಕಿದ. ಮಾಂಟುವಾದ ಇಸಬೆಲ್ಲಾ ದೆಸ್ತೆ ಅದನ್ನು ಕೊಂಡಳು. ಇದನ್ನು ದಾಖಲಿಸಿದ 16ನೇ ಶತಮಾನದ ಇಟಲಿಯ ವಸಾರಿ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ: ಬಾಲ್ಯದಲ್ಲಿ ತನಗೆ ಮೂಗಿನಿಂದ ರಕ್ತ ಸುರಿಯುತ್ತಿದ್ದುದನ್ನು ಕೇಳಿ ಮುದಿ ಚಿತ್ರಕಾರ ಲೂಕಾ ಸಿನ್ಯೊರೆಲ್ಲಿ ತನ್ನ ಕೈಯಾರೆ ಜ್ಯಾಸ್ಪರ್ ಒಂದನ್ನು ಕೊರಳಿಗೆ ಕಟ್ಟಿದನಂತೆ. ಇತ್ತ ಮಾಯವಾಗುವ ಹಳೆಯ ನಂಬಿಕೆ ಅಷ್ಟರಲ್ಲಾಗಲೇ ನಗೆಪಾಟಲಾಗಿತ್ತು. 14ನೇ ಶತಮಾನದ ಬೊಕ್ಯಾಚೊ ತನ್ನ ಡೆಕಾಮೆರಾನ್‌ನಲ್ಲಿ ಕಲಾಂದ್ರೀನೊ ಎಂಬ ಪೆದ್ದನನ್ನು ಫ್ಲಾರೆನ್ಸಿನ ಮುನ್ಯೋನೆ ಹೊಳೆಯಲ್ಲಿ ಈ ಕಲ್ಲು ಆಯಲು ಇಳಿಸಿದ್ದಾನೆ. ತಾನು ಯಾರಿಗೂ ಕಾಣುತ್ತಿಲ್ಲ ಎಂದುಕೊಂಡವನಿಗೆ ಗೆಳೆಯರು ದಾರಿಯುದ್ದಕ್ಕೂ ಕಲ್ಲು ಬೀರುತ್ತಾರೆ. ಒಂದೇ ಕಲ್ಲಿನ ಎರಡು ನಂಬಿಕೆಗಳಲ್ಲಿ ಒಂದು ಹಾಸ್ಯಕ್ಕೆ ಸಂದಿತು, ಧರ್ಮದ ಆಸರೆ ಸಿಕ್ಕ ಇನ್ನೊಂದು ಉಳಿಯಿತು.

ನನ್ನ ವಾದಕ್ಕೆ ದೊಡ್ಡ ಆಕ್ಷೇಪ ಮೆಕ್ಸಿಕೊದಿಂದ ಬರುತ್ತದೆ. ಅಲ್ಲಿನ ನಹುವಾ ಜನ ಎಸ್‌ತೆತ್ಲ್ ಎಂಬ ಕಲ್ಲನ್ನು ಬಲ್ಲವರು. ಆ ಪದಕ್ಕೂ ರಕ್ತದ ಕಲ್ಲು ಎಂದೇ ಅರ್ಥ. 1576ರ ಭೀಕರ ಪಿಡುಗಿನಲ್ಲಿ ಮೂಗಿನಿಂದ ರಕ್ತ ಸುರಿದು ಸಾಯುತ್ತಿದ್ದವರ ಕೈಗೆ ಇಂಥ ಕಲ್ಲು ಕೊಟ್ಟು ಹಲವರನ್ನು ಉಳಿಸಿದೆ ಎಂದು ಪಾದ್ರಿ ಬರ್ನಾರ್ದಿನೊ ದೆ ಸಹಗುನ್ ಬರೆದಿದ್ದಾನೆ. ಮಾರ್ಬೋಡನನ್ನು ಓದದವರೂ ಅದೇ ತೀರ್ಮಾನಕ್ಕೆ ಬಂದಿದ್ದರೆ, ಕತೆ ಹುಟ್ಟಿಸಿದ್ದು ಬಣ್ಣವೇ ಅಲ್ಲವೇ? ಬಣ್ಣ ದಾರಿ ತೋರಿಸುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕೆಂಪಿಗೆ ಕೆಂಪೇ ಮದ್ದು ಎಂಬ ತರ್ಕ ಎಲ್ಲಿ ಬೇಕಾದರೂ ಹುಟ್ಟೀತು, ಮೆಕ್ಸಿಕೊದಲ್ಲಿ ಅದು ಸ್ವತಂತ್ರವಾಗಿಯೇ ಹುಟ್ಟಿರಬಹುದು. ಆದರೆ ಬಣ್ಣವೊಂದೇ ಸಾಕಾಗಿದ್ದರೆ ಪ್ಲಿನಿಗೂ ಈಜಿಪ್ಟಿನ ಮಾಂತ್ರಿಕರಿಗೂ ಅದು ಹೊಳೆಯಬೇಕಿತ್ತು. ಅವರ ಕಣ್ಣೆದುರು ಇದ್ದದ್ದೂ ಇದೇ ಕೆಂಪು.

ಇನ್ನೊಂದು ಆಕ್ಷೇಪ ನಮ್ಮ ಕಡೆಯದು. ವರಾಹಮಿಹಿರನ ಬೃಹತ್ಸಂಹಿತೆಯ ರತ್ನಗಳ ಪಟ್ಟಿಯಲ್ಲಿ ರುಧಿರ ಎಂಬುದಿದೆ, ಗರುಡಪುರಾಣ ಅದನ್ನೇ ರುಧಿರಾಖ್ಯ ಎನ್ನುತ್ತದೆ. ರಕ್ತಶಿಲೆಯ ಮಹಿಮೆ ಇಲ್ಲಿಂದಲೇ ಹೋದದ್ದು ಎಂದು ವಾದಿಸಬಹುದು. ವಾದ ಆಕರ್ಷಕವಾಗಿದೆ, ನಿಲ್ಲುವುದಿಲ್ಲ. ಪುರಾಣದ ವರ್ಣನೆಯಲ್ಲಿರುವುದು ಇಂದ್ರಗೋಪದ, ಅಂದರೆ ಮಳೆಗಾಲದ ಕೆಂಪು ಮಖಮಲ್ ಹುಳುವಿನ ಬಣ್ಣ, ಗಿಳಿಯ ಕೊಕ್ಕಿನ ಬಣ್ಣ. ಹಸಿರಿನ ಸುಳಿವಿಲ್ಲ. ಸಿಗುವ ಜಾಗ ನರ್ಮದಾ. ಆ ನದಿಯ ಕೆಳದಂಡೆಯ ರತನ್‌ಪುರದ ಸುತ್ತ ಇಂದಿಗೂ ಸಿಗುವ ಕೆಂಪು ಅಕೀಕಿಗೆ, ಅಂದರೆ ಕಾರ್ನೀಲಿಯನ್‌ಗೆ, ಈ ವಿವರ ಸರಿಯಾಗಿ ಹೊಂದುತ್ತದೆ. ವಿಚಿತ್ರವೆಂದರೆ ರಕ್ತಶಿಲೆಯ ದೊಡ್ಡ ಆಕರಗಳಲ್ಲೊಂದು ನಮ್ಮ ದಖನ್ನಿನ ಲಾವಾ ಬಂಡೆ. ಬೆಳಗಾವಿ, ಕಲಬುರಗಿಯವರೆಗೂ ಚಾಚಿದ ಆ ಕಪ್ಪು ಕಲ್ಲಿನ ಗುಜರಾತಿನ ಭಾಗದಿಂದ ಬಂದ ತುಂಡುಗಳನ್ನು ಖಂಭಾತಿನ ಕುಶಲಿಗರು ಕೊರೆದು, ಉಜ್ಜಿ, ಹೊಳಪು ಕೊಟ್ಟರು. ಆದರೆ ಅಲ್ಲಿ ಬೆಳೆದ ದೊಡ್ಡ ಐತಿಹ್ಯ ರತನ್‌ಪುರದ ಬಾಬಾ ಘೋರ್ ಎಂಬ ಸಂತನದು, ಅಕೀಕಿನ ಕಸುಬನ್ನು ಕಾಯುವವನದು. ಯೇಸುವಿನ ರಕ್ತದ ಕತೆ ಕಲ್ಲನ್ನು ಕೊಂಡವರ ಊರಿನದು.

ಕೊನೆಗೆ ವಿಜ್ಞಾನದ ಹೆಸರಿನಲ್ಲಿ ಬರುವ ಆಕ್ಷೇಪ: ಕಬ್ಬಿಣದ ಕೆಲವು ಲವಣಗಳು ನಿಜಕ್ಕೂ ರಕ್ತ ಹೆಪ್ಪುಗಟ್ಟಿಸುತ್ತವೆ, ಹಾಗಾಗಿ ನಂಬಿಕೆಯ ಹಿಂದೆ ಅನುಭವವಿದೆ ಎನ್ನುತ್ತಾರೆ. ರಕ್ತಶಿಲೆಯ ಚುಕ್ಕೆಗಳಲ್ಲಿ ಇರುವುದು ಕಬ್ಬಿಣವೇ ಹೌದು. ಅಷ್ಟೇ ಅಲ್ಲ, ಅದು ಹೆಮಟೈಟೇ. ಹಳೆಯ ಪುಸ್ತಕಗಳು ಬೆರೆಸಿಬಿಟ್ಟ ಎರಡು ಕಲ್ಲುಗಳನ್ನು ಭೂಮಿ ಅದಕ್ಕಿಂತ ಎಷ್ಟೋ ಮೊದಲೇ ಬೆರೆಸಿತ್ತು. ಆದರೆ ಇಲ್ಲಿ ಅದು ಗಾಜಿಗಿಂತ ಗಟ್ಟಿಯಾದ ಸಿಲಿಕಾದೊಳಗೆ ಸಿಕ್ಕಿಕೊಂಡಿದೆ. ಅದಿರಿನಂತೆ ತೇಯ್ದು ಕುಡಿಯುವಂತಿಲ್ಲ, ಅಂಗೈಯಲ್ಲಿ ಹಿಡಿದರೆ ಕರಗಿ ಬರುವುದೂ ಇಲ್ಲ. ಮೂಗಿನ ರಕ್ತ ಬಹುಪಾಲು ತಾನಾಗಿಯೇ ನಿಲ್ಲುವಂಥದ್ದು. 16ನೇ ಶತಮಾನದಲ್ಲಿ ಸೆವಿಲ್ ನಗರದ ವೈದ್ಯ ನಿಕೊಲಾಸ್ ಮೊನಾರ್ಡೆಸ್, ಹೊಸ ಸ್ಪೇನಿನ, ಅಂದರೆ ಮೆಕ್ಸಿಕೊದ, ಜನ ಈ ಕಲ್ಲನ್ನು ಬಳಸುವ ಕ್ರಮವನ್ನು ವಿವರಿಸುವಾಗ, ಅದನ್ನು ಮೊದಲು ತಣ್ಣೀರಿನಲ್ಲಿ ಅದ್ದಿ ಬಲಗೈಯಲ್ಲಿ ಹಿಡಿಯಬೇಕು, ಆಗಾಗ ಮತ್ತೆ ಅದ್ದಬೇಕು ಎಂದಿದ್ದಾನೆ. ಮೂಗಿನಲ್ಲಿ ರಕ್ತ ಬಂದ ಮಗುವಿನ ನೆತ್ತಿಗೆ ತಣ್ಣೀರು ತಟ್ಟುವ ನಮ್ಮ ಮನೆಗಳ ಅಜ್ಜಿಯರು ಆ ಕ್ರಮದಲ್ಲಿ ಕಲ್ಲನ್ನು ಮಾತ್ರ ಬಿಟ್ಟಿದ್ದಾರೆ.